ಪಾನಪ್ರಿಯರ ವ್ಯಥೆಯೂ ಕೆಲಸಗಾರರ ಸಂಬಳವೂ

ಬೇಲಾಪುರದ ಕೊಂಕಣ ಭವನ, ಸಿಡ್ಕೊ ಭವನಗಳ ಕಚೇರಿಗಳು ಮುಚ್ಚುವ ವೇಳೆಗೆ ಸೆಕ್ಟರ್ 15ರ ಪರ್ಮಿಟ್ ರೂಮುಗಳಲ್ಲಿ ದೀಪ ಹತ್ತುತ್ತದೆ. ಅಲ್ಲಿ ಮೇಜಿನ ಮುಂದೆ ಕುಳಿತ ಗುಮಾಸ್ತರಲ್ಲಿಯೂ, ತಟ್ಟೆ ಹಿಡಿದು ನಿಂತ ವೇಟರುಗಳಲ್ಲಿಯೂ ನಮ್ಮ ಓದುಗರು ಅನೇಕರಿರುವುದರಿಂದ, ಬಿಯರಿನ ವಿಚಾರವನ್ನು ಈ ಪತ್ರಿಕೆ ಎತ್ತಿಕೊಂಡಿತೆಂದು ಯಾರೂ ಅಚ್ಚರಿಪಡಬೇಕಾದುದಿಲ್ಲ. ನಾವು ಕುಡಿತದ ಪರವಾಗಿ ವಕಾಲತ್ತು ವಹಿಸಿದವರಲ್ಲ. ಮನೆಗೆ ಮುಟ್ಟಬೇಕಾದ ಸಂಬಳ ದಾರಿಯಲ್ಲೇ ಕರಗಿಹೋಗುವುದನ್ನು ಹೋಟೆಲಿನ ಗಲ್ಲೆಯ ಮೇಲೆ ಕುಳಿತ ಕಾಲದಲ್ಲಿ ನಾವು ಬೇಕಾದಷ್ಟು ಕಂಡಿದ್ದೇವೆ. ಆದರೆ ಮುಂಬಯಿ, ಠಾಣೆ, ನವಿ ಮುಂಬಯಿಗಳ ಈ ವ್ಯಾಪಾರದಲ್ಲಿ ಬಂಡವಾಳ ಹೂಡಿದವರೂ ಬೆವರು ಸುರಿಸಿದವರೂ ಬಹುಮಟ್ಟಿಗೆ ನಮ್ಮ ತುಳುನಾಡಿನವರು, ಕನ್ನಡನಾಡಿನವರು. ತೆರಿಗೆಯ ಏರಿಕೆಯನ್ನು ಪ್ರತಿಭಟಿಸಿ 2025ರ ಜುಲೈ 14ರಂದು ರಾಜ್ಯದ ಬಾರುಗಳು ಒಂದು ದಿನ ಬಾಗಿಲು ಹಾಕಿದಾಗ ಎಷ್ಟು ಖೋಲಿಗಳಲ್ಲಿ ಆ ದಿನದ ಲೆಕ್ಕ ತಪ್ಪಿತೆಂಬುದನ್ನು ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕೆಲವು ಕಾಲದಿಂದ ಈ ಮೇಜುಗಳ ಸುತ್ತ ಒಂದು ಪ್ರಶ್ನೆ ಸುತ್ತುತ್ತಿದೆ. “ಅಣ್ಣಾ, ಆ ಕೋತಿಯ ಬಾಟಲಿ ಬಂತೇ?” ಎಂದು ಗಿರಾಕಿ ಕೇಳುತ್ತಾನೆ. ಇಲ್ಲವೆಂದರೆ ಮುಖ ಸಿಂಡರಿಸುತ್ತಾನೆ. ಇದೆಯೆಂದರೆ ಒಂದು ಗುಟುಕು ಕುಡಿದು, ಮೊದಲಿನ ರುಚಿಯಿಲ್ಲವೆನ್ನುತ್ತಾನೆ. ಕೋತಿಯ ಬಾಟಲಿಯೆಂದರೆ ಬಿರಾ 91. ನಮ್ಮ ದೇಶದ ಟೆಲಿಫೋನ್ ಸಂಖ್ಯೆಯನ್ನೇ ಹೆಸರಿಗೆ ಅಂಟಿಸಿಕೊಂಡು 2015ರಲ್ಲಿ ಪೇಟೆಗಿಳಿದ ಈ ಬಿಯರು ಮೊದಲು ಬೆಲ್ಜಿಯಂ ದೇಶದಲ್ಲಿ ತಯಾರಾಗಿ ಬರುತ್ತಿದ್ದು, ಅನಂತರ ಇಲ್ಲಿಯೇ ತಯಾರಾಗತೊಡಗಿತು. ಕ್ರಾಫ್ಟ್ ಬಿಯರು ಎಂದು ಪಟ್ಟಣದ ತರುಣರು ಕರೆಯುವ ಹೊಸ ಬಗೆಯ ಪಾನೀಯಕ್ಕೆ ದೇಶದಲ್ಲಿ ಹೆಸರು ತಂದುಕೊಟ್ಟುದರಲ್ಲಿ ಇದರ ಪಾಲು ದೊಡ್ಡದು.

ಇಂಥ ಕಂಪೆನಿಗೆ ಬಂದ ಸಂಕಟ ವಿಚಿತ್ರವಾದುದು. ಷೇರುಪೇಟೆಗೆ ಹೋಗುವ ಸಿದ್ಧತೆಯಲ್ಲಿ ಅದು ತನ್ನ ಅಧಿಕೃತ ನಾಮಧೇಯದಲ್ಲಿದ್ದ ‘ಪ್ರೈವೇಟ್’ ಎಂಬ ಒಂದು ಪದವನ್ನು ತೆಗೆದುಹಾಕಿತು. ಬಿ9 ಬೆವರೇಜಸ್ ಪ್ರೈವೇಟ್ ಲಿಮಿಟೆಡ್ ಇದ್ದುದು ಬಿ9 ಬೆವರೇಜಸ್ ಲಿಮಿಟೆಡ್ ಆಯಿತು. ಕಾರ್ಖಾನೆ ಅದೇ, ಕೋತಿ ಅದೇ, ಬಾಟಲಿಯೊಳಗಿನ ವಸ್ತುವೂ ಅದೇ. ಆದರೆ ಅಬಕಾರಿ ಇಲಾಖೆಗಳ ಕಣ್ಣಿಗೆ ಇದು ಬೇರೊಂದು ಕಂಪೆನಿಯಾಗಿ ಕಂಡಿತು. ಹಳೆಯ ಲೇಬಲುಗಳು ಕೆಲಸಕ್ಕೆ ಬಾರದಾದವು. ರಾಜ್ಯರಾಜ್ಯಗಳಲ್ಲಿಯೂ ಹೊಸದಾಗಿ ನೋಂದಣಿ ಮಾಡಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತಿತು. ಸುಮಾರು 80 ಕೋಟಿ ರೂಪಾಯಿಯ ದಾಸ್ತಾನನ್ನು ಲೆಕ್ಕದಿಂದಲೇ ಹೊಡೆದುಹಾಕಬೇಕಾಯಿತು. 2023–24ರ ಸಾಲಿನಲ್ಲಿ 638 ಕೋಟಿಯ ವ್ಯಾಪಾರಕ್ಕೆ 748 ಕೋಟಿ ನಷ್ಟ! ವ್ಯಾಪಾರಕ್ಕಿಂತ ನಷ್ಟವೇ ದೊಡ್ಡದಾದ ಆ ವಹಿಯನ್ನು ನೋಡಿದರೆ ಒಂದು ಪದವನ್ನು ಅಳಿಸುವುದಕ್ಕೆ ಇಷ್ಟು ಬೆಲೆ ತೆತ್ತವರು ವಿರಳವೆನ್ನಬೇಕು. ನಷ್ಟಕ್ಕೆ ಲೇಬಲೊಂದೇ ಕಾರಣವಲ್ಲ. ಗಳಿಕೆಗೆ ಮೀರಿದ ಖರ್ಚು ಮೊದಲೇ ಇತ್ತು. ಬೀಳಲು ತೂಗಾಡುತ್ತಿದ್ದ ಗೋಡೆಯನ್ನು ಲೇಬಲು ತಳ್ಳಿತು, ಅಷ್ಟೆ.

2025ರಲ್ಲಿ ಈ ಕಂಪೆನಿಯ 250ಕ್ಕೂ ಹೆಚ್ಚು ನೌಕರರು, ಸಂಬಳ ಬಾಕಿಯಾಗಿದೆ, ಪ್ರಾವಿಡೆಂಟ್ ಫಂಡು ಜಮೆಯಾಗಿಲ್ಲವೆಂದು ದೂರಿ, ಸಂಸ್ಥಾಪಕರನ್ನೇ ಅಧಿಕಾರದಿಂದ ಇಳಿಸಬೇಕೆಂದು ಬಂಡವಾಳ ಹೂಡಿದವರಿಗೆ ಮನವಿ ಸಲ್ಲಿಸಿದ ಸುದ್ದಿ ವರದಿಯಾಯಿತು. 2022ರಲ್ಲಿ ಇದೇ ಕಂಪೆನಿ ಕೊಂಡಿದ್ದ ಬಿಯರ್ ಕೆಫೆ ಎಂಬ ಬಾರುಗಳ ಸರಪಳಿಯನ್ನು ಸಾಲ ಕೊಟ್ಟವರು ವಶಪಡಿಸಿಕೊಂಡ ಸುದ್ದಿಯೂ ಬಂತು. ಮಾರಾಟದ ಮಾತು, ಹಸ್ತಾಂತರದ ಮಾತು ಮೇಜಿನಿಂದ ಮೇಜಿಗೆ ಹಬ್ಬಿದುದು ಆಗಲೇ.

ಪಾನಪ್ರಿಯರು ಆಡುವ ಮಾತನ್ನು ನಾವು ಗಮನವಿಟ್ಟು ಕೇಳಿದ್ದೇವೆ. ದೊಡ್ಡವರ ಕೈಗೆ ಹೋದರೆ ರುಚಿ ಕೆಡುತ್ತದೆ, ನೀರು ಬೆರೆಸುತ್ತಾರೆ, ಬೆಲೆ ಏರಿಸುತ್ತಾರೆ. ಒಂದು ಒಳ್ಳೆಯ ಹೆಸರು ಹಾಳಾಯಿತು—ಹೀಗೆ ವ್ಯಥೆಪಡುವವರು ಬಹಳ. ಆ ವ್ಯಥೆಯಲ್ಲಿ ಸುಳ್ಳಿಲ್ಲ. ದಿನವೆಲ್ಲ ಫೈಲುಗಳ ನಡುವೆ ಕುಳಿತವನಿಗೆ ಸಂಜೆ ಒಂದು ಗಂಟೆಯ ಹೊತ್ತು ತನ್ನದೆಂದುಕೊಂಡ ರುಚಿ ತಪ್ಪಿದರೆ ಬೇಸರವಾಗುವುದು ಸಹಜ. ಆದರೆ ಅಷ್ಟು ಮಾತಿನ ನಡುವೆ, ಸಂಬಳ ಬಾರದ ಆ ನೌಕರರ ಗತಿಯೇನೆಂದು ಕೇಳಿದವರನ್ನು ನಾವು ಹೆಚ್ಚಾಗಿ ಕಾಣಲಿಲ್ಲ. ರುಚಿಯ ವಿಚಾರ ಬೇರೆ, ಸಂಬಳದ ವಿಚಾರ ಬೇರೆ ಎಂದು ಇವರು ತಿಳಿದಂತೆ ತೋರುತ್ತದೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಗುಮಾಸ್ತ ಬಂಧುಗಳಿಗಾಗಿ ಹೇಳುತ್ತೇವೆ. ಹೆಸರುವಾಸಿಯಾದ ಒಂದು ಹೋಟೆಲು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಬೋರ್ಡು ಅದೇ, ರುಬ್ಬುವ ಕಲ್ಲು ಅದೇ, ಅಕ್ಕಿ ತರುವ ಅಂಗಡಿಯೂ ಅದೇ. ಆದರೂ ಹದಿನೈದು ದಿನ ಕಳೆಯುವಷ್ಟರಲ್ಲಿ ಹಳೆಯ ಗಿರಾಕಿ ಸಾಂಬಾರಿನ ಬಟ್ಟಲನ್ನು ದೂರ ಸರಿಸಿ, ಇದು ಮೊದಲಿನಂತಿಲ್ಲವೆಂದು ಎದ್ದುಹೋಗುತ್ತಾನೆ. ಆದುದಿಷ್ಟೆ: ಹೊಸ ಧಣಿಗಳು ಭಟ್ಟರ ಹಳೆಯ ಬಾಕಿ ತಮಗೆ ಸಂಬಂಧಿಸಿದ್ದಲ್ಲವೆಂದರು, ಭಟ್ಟರು ಟ್ರಂಕು ಕಟ್ಟಿಕೊಂಡು ಊರಿನ ಬಸ್ಸು ಹತ್ತಿದರು. ಮಳೆಗಾಲದ ರಾತ್ರಿ ಇಡ್ಲಿಯ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ, ಮೇ ತಿಂಗಳಲ್ಲಿ ಎಷ್ಟು ಹೊತ್ತಿಗೆ ಹುಳಿ ಮೀರುತ್ತದೆ ಎಂಬುದು ಮಾರಾಟದ ಪತ್ರದಲ್ಲಿ ಬರೆದ ಆಸ್ತಿಯಲ್ಲ. ಅದು ಆ ಮನುಷ್ಯನ ಕೈಯಲ್ಲಿತ್ತು, ಆತನೊಡನೆ ಹೋಯಿತು.

ಸಣ್ಣ ಕಾರ್ಖಾನೆಯ ಬಿಯರೂ ಇದೇ ಜಾತಿಯದು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಯಿಟ್ಟು ಸಿಹಿರಸ ತೆಗೆದು, ಹಾಪ್ಸ್ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರೆಸಿ, ದಿನಗಟ್ಟಲೆ ಹುದುಗಿಸುವ ಈ ಕೆಲಸದಲ್ಲಿ ನೀರಿನ ಬಿಸಿ ಎರಡು ಡಿಗ್ರಿ ಹೆಚ್ಚುಕಡಮೆಯಾದರೂ ರುಚಿ ಬದಲಾಗುತ್ತದೆ. ಗೋಧಿ ಬೆರೆಸಿದ ಬಿಯರನ್ನು ಸೋಸದೆ ಮಬ್ಬಾಗಿಯೇ ಕೊಡುವ ಪದ್ಧತಿಯೂ ಇದೆ. ಅದು ಬಹುದಿನ ನಿಲ್ಲುವ ಸರಕಲ್ಲ. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಎಂಬ ಸಣ್ಣ ಬಿಯರು ಅಂಗಡಿ ಆರಂಭವಾದುದು, 2014ರ ಸುಮಾರಿಗೆ ನಮ್ಮ ಡೊಂಬಿವಲಿಯಲ್ಲಿಯೇ ಗೇಟ್‌ವೇ ಎಂಬ ಕಾರ್ಖಾನೆ ಗೋಧಿಯ ಬಿಯರು ತಯಾರಿಸತೊಡಗಿದುದು ಈ ಬಗೆಯ ಕೈಗೆಲಸವನ್ನು ನಂಬಿ. ಇಲ್ಲಿ ಗಿರಾಕಿ ಹಣ ಕೊಡುವುದು ಕೆಲಸಗಾರನ ಎಚ್ಚರಕ್ಕೆ. ಅವನಿಗೆ ಮೂರು ತಿಂಗಳು ಸಂಬಳ ನಿಂತರೆ ಎಚ್ಚರ ನಿಲ್ಲುತ್ತದೆಯೇ? ಕಾರ್ಖಾನೆ ಮಾರಾಟವಾಗುವ ಬಹು ಮೊದಲೇ ರುಚಿ ಮಾರಾಟವಾಗಿರುತ್ತದೆ.

ದೊಡ್ಡ ಕಂಪೆನಿಯ ಮಾತು ಬೇರೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸು 1915ರಲ್ಲಿ ಒಬ್ಬ ಸ್ಕಾಟ್ಲೆಂಡಿನವನು ಸಣ್ಣ ಸಣ್ಣ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಕಟ್ಟಿದ ಸಂಸ್ಥೆ. ಬಂಟ್ವಾಳ ಮೂಲದ ವಿಠಲ ಮಲ್ಯರು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ನಮ್ಮ ಕರಾವಳಿಯವರೊಬ್ಬರು ಇಂಗ್ಲಿಷರ ಕುರ್ಚಿಯಲ್ಲಿ ಕುಳಿತರೆಂದು ನಮ್ಮ ಹಿರಿಯರು ಹೆಮ್ಮೆಪಟ್ಟಿದ್ದರು. ಅದೇ ಸಂಸ್ಥೆ 2021ರ ಜೂನಿನಲ್ಲಿ ಹಾಲೆಂಡಿನ ಹೈನೆಕೆನ್ ಕಂಪೆನಿಯ ಕೈಸೇರಿತು. ಮಗ ವಿಜಯ ಮಲ್ಯರ ಸಾಲಕ್ಕಾಗಿ ಜಪ್ತಿಯಾಗಿದ್ದ ಷೇರುಗಳನ್ನು 5,800 ಕೋಟಿಗೂ ಮೀರಿದ ಬೆಲೆಗೆ ಮಾರಿ ಬ್ಯಾಂಕುಗಳು ತಮ್ಮ ಹಣ ಹಿಂಪಡೆದವು. ಅದಕ್ಕೂ ಮುಂಚೆ, 2001ರಲ್ಲಿ, ನಾಕೌಟ್ ಬಿಯರಿನ ಮೈಸೂರು ಬ್ರೂವರೀಸನ್ನು ದಕ್ಷಿಣ ಆಫ್ರಿಕದವರು ಕೊಂಡಿದ್ದರು. 2016ರಲ್ಲಿ ಆ ಆಫ್ರಿಕದವರನ್ನೇ ಇನ್ನೂ ದೊಡ್ಡ ಮೀನೊಂದು ನುಂಗಿತು. ಈ ಯಾವ ಮಾರಾಟಕ್ಕೂ ಬೇಲಾಪುರದ ಮೇಜಿನಲ್ಲಿ ಯಾರೂ ಕಣ್ಣೀರಿಟ್ಟುದನ್ನು ನಾವರಿಯೆವು. ಹಿಂದಿನ ದಿನ ಕುಡಿದುದನ್ನೇ ಮರುದಿನವೂ ಕುಡಿದರು. ಯಂತ್ರದ ಅಳತೆಗೆ ಕಟ್ಟಿದ ರುಚಿ ಯಜಮಾನ ಬದಲಾದರೆ ಕದಲುವುದಿಲ್ಲ. ಮಲ್ಯರ ಕಿಂಗ್‌ಫಿಷರ್ ವಿಮಾನ ಕಂಪೆನಿಯ ನೌಕರರು 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಹೂಡಿದಾಗಲೂ ಅದೇ ಹಕ್ಕಿಯ ಹೆಸರಿನ ಬಿಯರು ಎಂದಿನಂತೆ ಖರ್ಚಾಗುತ್ತಿತ್ತೆಂಬುದನ್ನು ಇಲ್ಲಿ ನೆನೆಯದೆ ಇರಲಾರೆವು.

ಸಣ್ಣ ಕಾರ್ಖಾನೆಯ ಪಾನಪ್ರಿಯರ ಪ್ರೀತಿ ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದ ಆಂಕರ್ ಕಾರ್ಖಾನೆಯ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. 1896ರಷ್ಟು ಹಿಂದೆ ಆರಂಭವಾದ ಆ ಕಾರ್ಖಾನೆ ಮುಚ್ಚುವ ಸ್ಥಿತಿಯಲ್ಲಿದ್ದಾಗ, 1965ರಲ್ಲಿ, ಫ್ರಿಟ್ಜ್ ಮೇಟ್ಯಾಗ್ ಎಂಬ ತರುಣ ಕೆಲವೇ ಸಾವಿರ ಡಾಲರು ಕೊಟ್ಟು ಅದರ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡನು. ಹಳೆಯ ಪದ್ಧತಿಯನ್ನು ಬಿಡದೆ ಅವನು ಅದನ್ನು ಎತ್ತಿ ನಿಲ್ಲಿಸಿದ ರೀತಿಯನ್ನು ಕಂಡೇ ಆ ದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಹುಟ್ಟಿದವೆಂದು ಹೇಳುವುದುಂಟು. ಅವನು 2010ರಲ್ಲಿ ಮಾರಿದನು. 2017ರಲ್ಲಿ ಜಪಾನಿನ ಸಪ್ಪೊರೊ ಕಂಪೆನಿ ಕೊಂಡಿತು. 2019ರಲ್ಲಿ ಕೆಲಸಗಾರರು ಸಂಘ ಕಟ್ಟಿದರು. 2021ರಲ್ಲಿ ಹೊಸ ಧಣಿಗಳು ಹಳೆಯ ಲೇಬಲಿನ ಚಿತ್ರ ಬದಲಾಯಿಸಿದಾಗ ಪಾನಪ್ರಿಯರು ಎಬ್ಬಿಸಿದ ಗದ್ದಲ ಅಷ್ಟಿಷ್ಟಲ್ಲ. ಆದರೆ ಲೇಬಲಿಗಾಗಿ ಸಿಟ್ಟಾದವರೆಲ್ಲರೂ ಬಾಟಲಿ ಕೊಳ್ಳುತ್ತಿದ್ದರೆ ಕಾರ್ಖಾನೆಗೆ ಆ ಗತಿ ಬರುತ್ತಿತ್ತೆ? 2023ರ ಜುಲೈಯಲ್ಲಿ ಮುಚ್ಚುತ್ತೇವೆಂದು ಪ್ರಕಟವಾಯಿತು. ಕೂಡಲೆ ಬಂದರು ನೋಡಿ ಜನ! ಕೊನೆಯ ಬಾಟಲಿಗಾಗಿ ಸಾಲುಗಟ್ಟಿ ನಿಂತರು. ಊರಿನಲ್ಲೆಲ್ಲಾ ನೆನಪಿನ ಲೇಖನಗಳು ಬಂದವು.

ಅದೇ ವೇಳೆಗೆ ಆ ಕಾರ್ಖಾನೆಯ ಕೆಲಸಗಾರರು ಮಾಡಿದ್ದೇನು? ತಾವೇ ಸಹಕಾರಿ ಸಂಘವಾಗಿ ಕೂಡಿ ಕಾರ್ಖಾನೆಯನ್ನು ಕೊಂಡು ನಡೆಸುತ್ತೇವೆ, ಅವಕಾಶ ಕೊಡಿರೆಂದು ಮುಂದೆ ಬಂದರು. ಅದು ಕೈಗೂಡಲಿಲ್ಲ. 2024ರ ಮೇ ತಿಂಗಳಲ್ಲಿ ಹಮ್ದಿ ಉಲುಕಾಯ ಎಂಬಾತನು ಅದನ್ನು ಕೊಂಡನು. ತುರ್ಕಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಮೊಸರಿನ ವ್ಯಾಪಾರದಿಂದ ಕೋಟ್ಯಧೀಶನಾದವನಂತೆ. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂಥವರಿಗೆ ಈ ಅಂಶ ಮಾತ್ರ ಹಿತವಾಗಿ ಕೇಳಿಸುತ್ತದೆ.

ಕೆಲಸಗಾರರು ಕೊಂಡು ನಡೆಸುವುದೆಂದರೆ ಗಾಳಿಗೋಪುರವೆಂದು ನಗುವ ಧಣಿಗಳಿದ್ದಾರೆ. ಅವರಿಗೆ ನಮ್ಮ ಕಸುಬಿನದೇ ಒಂದು ಸಂಗತಿಯನ್ನು ಜ್ಞಾಪಿಸುತ್ತೇವೆ. ಕಾಫಿಯ ಪ್ರಚಾರಕ್ಕಾಗಿ ಸ್ಥಾಪಿತವಾದ ಇಂಡಿಯಾ ಕಾಫಿ ಹೌಸಿನ ಮೊದಲ ಅಂಗಡಿ 1936ರಲ್ಲಿ ಇಲ್ಲಿಯೇ, ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆಯಿತು. ಐವತ್ತರ ದಶಕದ ನಡುವೆ ಕಾಫಿ ಬೋರ್ಡಿನವರು ಇವುಗಳನ್ನು ಮುಚ್ಚಲು ತೊಡಗಿ ಕೆಲಸಗಾರರನ್ನು ಮನೆಗೆ ಕಳುಹಿಸಿದಾಗ, ಕಾರ್ಮಿಕ ಮುಖಂಡ ಎ. ಕೆ. ಗೋಪಾಲನ್ನರ ಸಲಹೆಯಂತೆ ಮಾಣಿಗಳೂ ಅಡಿಗೆಯವರೂ ಸೇರಿ ತಾವೇ ಮಾಲೀಕರಾಗಲು ಹೊರಟರು. ಅಂಥ ಮೊದಲ ಸಹಕಾರ ಸಂಘ 1957ರ ಆಗಸ್ಟ್ 19ರಂದು ಸ್ಥಾಪಿತವಾದುದು ನಮ್ಮ ಬೆಂಗಳೂರಿನಲ್ಲಿ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಅವರ ಅಂಗಡಿ 2009ರಲ್ಲಿ ಜಾಗ ಬಿಡಬೇಕಾಗಿ ಬಂದಾಗ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಗಿರಾಕಿಗಳೂ ಹಿಂದೆಯೇ ಹೋದರು. ಬಿಳಿಯ ಉಡುಪು, ಪೇಟ, ಮೊದಲಿನ ಕಾಫಿ—ಕೈ ಬದಲಾಗದುದರಿಂದ ರುಚಿಯೂ ಬದಲಾಗಲಿಲ್ಲ. ಬಿಯರು ಕಾರ್ಖಾನೆ ಕಾಫಿ ಅಂಗಡಿಯಷ್ಟು ಸುಲಭವಲ್ಲವೆಂಬುದನ್ನು ಒಪ್ಪುತ್ತೇವೆ. ಉಕ್ಕಿನ ಪೀಪಾಯಿಗಳಿಗೆ, ಲೈಸೆನ್ಸಿಗೆ, ಅಬಕಾರಿಗೆ ಮುಂಗಡವಾಗಿ ಸುರಿಯಬೇಕಾದ ಹಣ ಮಾಣಿಯ ಪೆಟ್ಟಿಗೆಯಲ್ಲಿಲ್ಲ.

ಹಾಗೆಂದು ಮಾರುವ ಮಾಲೀಕನೆಲ್ಲ ಕೆಡುಕನೆಂದು ನಾವು ಹೇಳಹೊರಟಿಲ್ಲ. ಗಲ್ಲೆಯ ಈಚೆ ಕುಳಿತವನ ರಾತ್ರಿಯ ನಿದ್ದೆ ಎಂಥದೆಂದು ನಮಗೂ ಗೊತ್ತು. ಬಾಡಿಗೆ, ಬಡ್ಡಿ, ಲೈಸೆನ್ಸು, ಉದ್ರಿ ಇವು ನಾಲ್ಕೂ ಒಂದೇ ತಿಂಗಳಲ್ಲಿ ಬಾಗಿಲು ತಟ್ಟಿದಾಗ ಯೋಗ್ಯನೊಬ್ಬನಿಗೆ ಮಾರಿ ಕೈ ಮುಗಿಯುವುದು ಕೆಲಸಗಾರರಿಗೂ ಕ್ಷೇಮ. ನಾವು ಖಂಡಿಸುವುದು ಬೇರೆಯದನ್ನು. ಮುಳುಗುತ್ತಿದೆಯೆಂದು ತಿಳಿದ ಮೇಲೂ ವರ್ಷಗಟ್ಟಲೆ ಎಳೆದು, ಮೊದಲು ಸರಕಿನವರ ಬಾಕಿ, ಬಳಿಕ ಸಂಬಳ, ಕೊನೆಗೆ ಕೆಲಸಗಾರನ ಸಂಬಳದಿಂದಲೇ ಮುರಿದುಕೊಂಡ ಪ್ರಾವಿಡೆಂಟ್ ಫಂಡು, ಇವನ್ನೆಲ್ಲ ನುಂಗಿದ ನಂತರ ಮಾರುವವನ ಲೆಕ್ಕವನ್ನು ನಾವು ವ್ಯಾಪಾರದ ನಷ್ಟವೆಂದು ಒಪ್ಪಲಾರೆವು. ಅದು ಸಾಲವೂ ಅಲ್ಲ. ಸಾಲ ಕೇಳಿ ತೆಗೆದುಕೊಳ್ಳುವಂಥದು.

ಈಗ ನಮ್ಮ ಹೋಟೆಲು ಬಂಧುಗಳಿಗೆ ನೇರವಾಗಿ ಸಂಬಂಧಿಸಿದ ಮಾತು. ನಮ್ಮಲ್ಲಿ ಹೋಟೆಲುಗಳು ಕೈ ಬದಲಾಗುವುದು ಬಿಯರು ಕಾರ್ಖಾನೆಗಳಿಗಿಂತ ಎಷ್ಟೋ ಹೆಚ್ಚು. ಪೂರಾ ಮಾರಾಟ ಒಂದು ಬಗೆ. ಲೈಸೆನ್ಸನ್ನು ತನ್ನಲ್ಲಿಟ್ಟುಕೊಂಡು ಹೋಟೆಲನ್ನು ಇನ್ನೊಬ್ಬನಿಗೆ ‘ಕಂಡಕ್ಟಿ’ಗೆ ಕೊಡುವುದು ಇನ್ನೊಂದು ಬಗೆ. ಎರಡು ವರ್ಷಕ್ಕೊಮ್ಮೆ ನಡೆಸುವವನು ಬದಲಾಗುತ್ತಾನೆ. ಪ್ರತಿ ಬಾರಿಯೂ ಹದಿನೈದು ವರ್ಷದ ಹಳೆಯ ವೇಟರು ಹೊಸದಾಗಿ ಸೇರಿದವನೆಂದು ಬರೆಯಲ್ಪಡುತ್ತಾನೆ. ಗ್ರಾಚ್ಯುಯಿಟಿಗೆ ಐದು ವರ್ಷದ ಸೇವೆ ಬೇಕು ಎಂದಾಗ ಅವನ ಸೇವೆ ಐದಕ್ಕೆ ಎಂದೂ ಮುಟ್ಟುವುದಿಲ್ಲ!

ಇದು ಕಾನೂನಿನ ಅಭಿಪ್ರಾಯವಲ್ಲ. ಬಾರ್ಸಿ ಲೈಟ್ ರೈಲ್ವೆಯನ್ನು 1954ರಲ್ಲಿ ಸರ್ಕಾರ ವಹಿಸಿಕೊಂಡಾಗ ಅಲ್ಲಿನ ಕೆಲಸಗಾರರ ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1956ರ ನವೆಂಬರಿನಲ್ಲಿ ತೀರ್ಪು ಕೆಲಸಗಾರರ ವಿರುದ್ಧವಾಯಿತು. ಅದರ ಫಲವಾಗಿ ಸರ್ಕಾರವೇ 1957ರಲ್ಲಿ ಔದ್ಯೋಗಿಕ ವಿವಾದಗಳ ಕಾನೂನನ್ನು ತಿದ್ದಿತು. ಬೆಂಗಳೂರಿನಲ್ಲಿ ಕಾಫಿಯವರು ಸಂಘ ಕಟ್ಟಿದ ವರ್ಷವೂ ಅದೇ. ಉದ್ಯಮವು ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ವರ್ಗವಾದಾಗ, ಒಂದು ವರ್ಷಕ್ಕೆ ಕಡಮೆಯಿಲ್ಲದೆ ದುಡಿದ ಕೆಲಸಗಾರನ ಸೇವೆ ಮುರಿಯದೆ, ಮೊದಲಿಗಿಂತ ಕೀಳಲ್ಲದ ಷರತ್ತಿನ ಮೇಲೆ, ಹಳೆಯ ಸೇವೆಯನ್ನು ಹೊಸಬನು ಒಪ್ಪಿಕೊಂಡು ಮುಂದುವರಿಯಬೇಕು. ಇಲ್ಲವೆ ಅವನಿಗೆ ನೋಟೀಸೂ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳದಂತೆ ಪರಿಹಾರವೂ ಸಲ್ಲಬೇಕು. ಇದು ಅಂದಿನ ತಿದ್ದುಪಡಿಯ ಸಾರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಈ ತತ್ತ್ವ ಉಳಿದಿದೆ. ಕಂಪೆನಿಯ ಷೇರುಗಳಷ್ಟೇ ಕೈ ಬದಲಾದರೆ, ಕಾನೂನಿನ ಕಣ್ಣಿಗೆ ಮಾಲೀಕ ಕಂಪೆನಿ ಅದೇ ಆದುದರಿಂದ, ಸೇವೆ ತಾನಾಗಿಯೇ ಮುಂದುವರಿಯುತ್ತದೆ. ಪ್ರಾವಿಡೆಂಟ್ ಫಂಡಿನ ಕಾನೂನಂತೂ ವರ್ಗಾವಣೆಯ ದಿನದವರೆಗಿನ ಬಾಕಿಗೆ ಕೊಟ್ಟವನನ್ನೂ ಕೊಂಡವನನ್ನೂ ಜೊತೆಯಾಗಿ ಹೊಣೆ ಮಾಡಿದೆ. ಕೊಂಡವನ ಹೊಣೆ ಅವನ ಕೈಸೇರಿದ ಆಸ್ತಿಯ ಬೆಲೆಯವರೆಗೆ. ಹಳೆಯದು ನಮಗೆ ಸಂಬಂಧಿಸಿದ್ದಲ್ಲವೆಂದು ಹೊಸ ಧಣಿಗಳು ಹೇಳಿದರೆ ಒಪ್ಪಿಕೊಂಡು ಹಿಂದಿರುಗಬೇಕಾದುದಿಲ್ಲ.

ಕಾನೂನು ಪುಸ್ತಕದಲ್ಲಿದ್ದು ಪ್ರಯೋಜನವೇನು, ನೇಮಕದ ಕಾಗದವೇ ಇಲ್ಲದವನು ಯಾವ ಬಾಯಿಂದ ಕೇಳಬೇಕೆಂದು ಓದುಗರೊಬ್ಬರು ನಮಗೆ ಹಿಂದೆ ಬರೆದಿದ್ದರು. ಪ್ರಶ್ನೆ ನ್ಯಾಯವಾದುದು. ಕಾಗದವಿಲ್ಲದಿದ್ದರೆ ಹಾಜರಿ ಪುಸ್ತಕದ ಫೋಟೊ, ಬ್ಯಾಂಕಿಗೆ ಬಂದ ಸಂಬಳದ ಪಟ್ಟಿ, ಇ.ಎಸ್.ಐ. ಚೀಟಿ, ಹೋಟೆಲಿನ ಹೆಸರಿನ ಗುರುತಿನ ಕಾರ್ಡು, ಇವೂ ಸಾಕ್ಷಿಗಳೇ. ಗುಮಾಸ್ತ ಬಂಧುಗಳು ನೆರವಾಗಬೇಕಾದುದು ಇಲ್ಲಿ. ನಿತ್ಯವೂ ತಮಗೆ ಬಾಟಲಿ ತೆರೆದುಕೊಡುವವನಿಗೆ ಒಂದು ಅರ್ಜಿ ಬರೆದುಕೊಡುವುದಕ್ಕೆ ಅರ್ಧ ಗಂಟೆ ಸಾಕು. ರುಚಿ ಹೋಯಿತೆಂದು ಮರುಗುವ ಹೊತ್ತಿನಲ್ಲಿ ಅರ್ಧ ಗಂಟೆ ಅದಕ್ಕಾಗಿ ತೆಗೆದಿಟ್ಟರೆ ಆ ವ್ಯಥೆಯೂ ಸಾರ್ಥಕ.

ಇಪ್ಪತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಹೋಟೆಲುಗಳೆಲ್ಲಕ್ಕೂ ಪ್ರಾವಿಡೆಂಟ್ ಫಂಡು ಅನ್ವಯಿಸುತ್ತದೆ. ಹಿಂದಿನ ತಿಂಗಳ ಹಣ ಈ ತಿಂಗಳ ಹದಿನೈದನೆಯ ತಾರೀಖಿನೊಳಗೆ ಜಮೆಯಾಗಬೇಕೆಂಬುದು ನಿಯಮ. ಜಮೆಯಾಯಿತೇ ಇಲ್ಲವೇ ಎಂಬುದನ್ನು ನಿಮ್ಮ ಖಾತೆಯ ಸಂಖ್ಯೆ ಒತ್ತಿ ಮೊಬೈಲಿನಲ್ಲಿಯೇ ನೋಡಬಹುದು. ಹೋಟೆಲು ಮಾರಾಟದ ಸುದ್ದಿ ಕಿವಿಗೆ ಬೀಳುವ ತನಕ ಕಾಯದೆ, ಈ ಹದಿನಾರರಂದು ಒಮ್ಮೆ ನೋಡಿರಿ.